ನಮ್ಮ ಮನೆಗೆ ಅಮ್ಮ ಬರುತ್ತಿದ್ದ ಶುಕ್ರವಾರಗಳು

ನಮ್ಮ ಮನೆಯಲ್ಲಿ ಕುಡಿತ ಎನ್ನುವುದು ಗಂಡಸರಿಗೆ ಅಭ್ಯಾಸ, ಹೆಂಗಸರಿಗೆ ಔಷಧಿ. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮದುವೆಯಾಗಿ ಬಂದ ವರ್ಷದೊಳಗೆ ನನಗೆ ಅರ್ಥವಾಗಿತ್ತು. ಭಾವ ಕುಡಿದರೆ ಅದು ಆಯಾಸಕ್ಕೆ, ನನ್ನ ಗಂಡ ಕುಡಿದರೆ ಸ್ನೇಹಿತರ ಬಲವಂತಕ್ಕೆ. ಹೆಂಗಸರಿಗೆ ಸಿಗುತ್ತಿದ್ದುದು ಬಾಣಂತನದಲ್ಲಿ ಮಾತ್ರ. ಮೈ ಬೆಚ್ಚಗಿರಲಿ, ಶೀತ ಹಿಡಿಯದಿರಲಿ ಎಂದು ಅತ್ತೆಯೇ ಬಿಸಿನೀರಿಗೆ ಬ್ರಾಂಡಿ ಹಾಕಿ ಕುಡಿಸುತ್ತಿದ್ದರು. ನನಗೂ ಕುಡಿಸಿದರು. ನಾನು ಮುಖ ಸಿಂಡರಿಸಿಕೊಂಡು ಉಗಿದೆ. ಅಕ್ಕ ಉಗಿಯಲಿಲ್ಲ.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ, ಮನೆಯ ದೊಡ್ಡ ಸೊಸೆ. ನಾನು ಆ ಮನೆಗೆ ಬರುವ ಮೊದಲೇ ಅವಳಿಗೆ ಒಬ್ಬಳು ಮಗಳಿದ್ದಳು. ಎರಡನೆಯದು ಗಂಡುಮಗು, ವಾರದೊಳಗೆ ಹೋಗಿಬಿಟ್ಟಿತು. ಮಗು ಹೋದರೂ ಬಾಣಂತನ ನಿಲ್ಲಲಿಲ್ಲ. ಪಾಪದ್ದು, ನಿದ್ದೆಯಾದರೂ ಮಾಡಲಿ ಎಂದು ಅತ್ತೆ ಬ್ರಾಂಡಿಯನ್ನು ಮುಂದುವರಿಸಿದರು. ಅದನ್ನು ಯಾವತ್ತು ನಿಲ್ಲಿಸಬೇಕು ಎಂದು ಯಾರೂ ಹೇಳಲಿಲ್ಲ. ಅತ್ತೆ ಕೊಡುವುದನ್ನು ಬಿಟ್ಟ ಮೇಲೆ ಅಕ್ಕ ತಾನೇ ತೆಗೆದುಕೊಳ್ಳತೊಡಗಿದಳು.

ತೆಗೆದುಕೊಳ್ಳಲು ದೂರ ಹೋಗಬೇಕಿರಲಿಲ್ಲ. ಭಾವನ ಬೀರುವಿನಲ್ಲಿ ಬಾಟಲಿ ಇರುತ್ತಿತ್ತು. ಅಕ್ಕ ಕುಡಿದಷ್ಟು ಜಾಗಕ್ಕೆ ಹಾಲು ಹಾಕದ ಟೀ ಸುರಿದಿಡುತ್ತಿದ್ದಳು. ಭಾವ ಒಂದು ಗುಟುಕು ಹೀರಿ ಬಾಟಲಿಯನ್ನು ಬೆಳಕಿಗೆ ಹಿಡಿದು, "ಇತ್ತೀಚೆಗೆ ಯಾವ ಕಂಪನಿ ಮಾಲೂ ಸರಿಯಿಲ್ಲ, ಎಲ್ಲಾ ಮೋಸ" ಎಂದು ದೇಶದ ಮೇಲೆ ಬೇಜಾರು ಮಾಡಿಕೊಳ್ಳುತ್ತಿದ್ದರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಓಡುತ್ತಿದ್ದೆ. ಆಗ ನನಗೆ ಅದು ತಮಾಷೆಯಾಗಿಯೇ ಕಂಡಿತ್ತು.

ನಮ್ಮದು ನಾಗಸಂದ್ರದಿಂದ ಸ್ವಲ್ಪ ಒಳಗೆ ಇರುವ ಹಳೇ ಊರು. ಹೊಲ ಇದ್ದ ಕಡೆ ಕಾರ್ಖಾನೆಗಳ ಕಾಂಪೌಂಡು ಎದ್ದಿತ್ತು. ಉಳಿದ ಜಾಗದಲ್ಲಿ ಭಾವ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕೊಪ್ಪಳ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ, ಕಾರ್ಖಾನೆ ಕೆಲಸಕ್ಕೆ ಬಂದವರೆಲ್ಲ ಅಲ್ಲಿದ್ದರು. ಅವರಿಗೆಲ್ಲ ನೀರು ನಮ್ಮ ಅಂಗಳದ ಬೋರಿನಿಂದಲೇ. ಹಾಗಾಗಿ ನಮ್ಮ ಮನೆಯಲ್ಲಿ ಏನೇ ನಡೆದರೂ ಕೊಡ ಹಿಡಿದ ಸಾಕ್ಷಿಗಳು ಇದ್ದೇ ಇರುತ್ತಿದ್ದರು.

ಪ್ರತಿ ವರ್ಷ ಚಳಿ ಶುರುವಾಗುವಾಗ ಭಾವ ಮಾಲೆ ಹಾಕುತ್ತಿದ್ದರು. ಒಂದು ಮಂಡಲ ಕರಿ ಪಂಚೆ, ಬರಿಗಾಲು, ತಣ್ಣೀರ ಸ್ನಾನ, ಬೀರುವಿಗೆ ಬೀಗ. ನಿನ್ನೆಯವರೆಗೂ "ಲೇ ಮಗಾ" ಎನ್ನುತ್ತಿದ್ದ ಸ್ನೇಹಿತರೂ "ಸ್ವಾಮಿ" ಎಂದು ಕೈಮುಗಿಯುತ್ತಿದ್ದರು. ಬೆಟ್ಟ ಹತ್ತಿಳಿದು ಬಂದು ಮಾಲೆ ತೆಗೆದ ದಿನವೇ ಬೀಗವನ್ನೂ ತೆಗೆಯುತ್ತಿದ್ದರು. "ಇಷ್ಟು ದಿವ್ಸ ತಡ್ಕೊಂಡಿದ್ನಲ್ಲ, ಪಾಪ" ಎಂದು ಅತ್ತೆ ಕೋಳಿಸಾರು ಮಾಡಿಸುತ್ತಿದ್ದರು. ಆ ವ್ರತದುದ್ದಕ್ಕೂ ಬೆಳಗಿನ ಜಾವ ಎದ್ದು, ತಲೆಗೆ ನೀರು ಹಾಕಿಕೊಂಡು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ ಮಾಡಿ ಬಡಿಸುತ್ತಿದ್ದವಳು ಅಕ್ಕ. ಕುಡಿತ ಬಿಡುವುದಕ್ಕೆ ಗಂಡಸರಿಗೆ ಒಂದು ಬೆಟ್ಟವಿತ್ತು, ಗುರುಸ್ವಾಮಿಯಿದ್ದರು, ಭಜನೆಯಿತ್ತು, ಬಿಟ್ಟಷ್ಟು ದಿನ ಮರ್ಯಾದೆಯೂ ಇತ್ತು. ಅಕ್ಕ ಕುಡಿಯುತ್ತಾಳೆ ಎಂಬುದನ್ನೇ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. ಇಲ್ಲದ ಚಟವನ್ನು ಅವಳು ಬಿಡುವುದಾದರೂ ಹೇಗೆ?

ಒಂದು ಶುಕ್ರವಾರ ಸಂಜೆ ನಾನು ಪೀಣ್ಯದ ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಅಲ್ಲೊಂದು ಸಣ್ಣ ಕಾರ್ಖಾನೆಯಲ್ಲಿ ಟೈಪು, ಫೋನು ನೋಡಿಕೊಳ್ಳುವುದು ನನ್ನ ಕೆಲಸ. ಅಂಗಳದಲ್ಲಿ ನೀರಿಗೆ ಜನ ನಿಂತಿದ್ದರು. ಜಗುಲಿಯ ಮೇಲೆ ತಿಂಡಿ ತಿನ್ನುತ್ತಿದ್ದ ಭಾವ ಉಪ್ಪು ಜಾಸ್ತಿಯಾಗಿದೆ ಎಂದು ತಟ್ಟೆ ತಳ್ಳಿದರು. ಒಳಗಿಂದ ಅಕ್ಕ ಬಂದಳು. ಜಡೆ ಬಿಚ್ಚಿಹೋಗಿತ್ತು, ಕಣ್ಣು ಕೆಂಪಗಿತ್ತು, ಕಾಲು ನೆಲದ ಮೇಲೆ ಸರಿಯಾಗಿ ನಿಲ್ಲುತ್ತಿರಲಿಲ್ಲ.

"ಏನೋ ನಿಂದು? ಮೂರು ಹೊತ್ತೂ ಬೇಯ್ಸಿ ಹಾಕಿದ್ದು ತಿಂದ್ಕೊಂಡು ಬಿದ್ದಿರೋಕಾಗಲ್ವೇನೋ ನಿಂಗೆ?"

ನಮ್ಮ ಕಡೆ ಹೆಂಡತಿ ಗಂಡನನ್ನು ಬೈಯಬಾರದು ಎಂದೇನಿಲ್ಲ. "ರೀ, ನಿಮ್ಗೆ ಬುದ್ಧಿ ಇದ್ಯೇನ್ರೀ" ಎಂದು ಬಹುವಚನದಲ್ಲಿ ಎಷ್ಟು ಬೇಕಾದರೂ ಬೈಯಬಹುದು. ಆದರೆ ನಾಲ್ಕು ಜನರೆದುರು "ಏನೋ" ಎನ್ನುವ ಹಾಗಿಲ್ಲ. ಮದುವೆಯಾದ ಗಂಡಸನ್ನು ಹಾಗೆ ಮಾತಾಡಿಸುವ ಹಕ್ಕು ಇರುವುದು ಹೆತ್ತವಳಿಗೆ, ಅವಳನ್ನು ಬಿಟ್ಟರೆ ದೇವರಿಗೆ. ಹೆತ್ತವಳಾದ ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಭಾವನ ಕೈ ಹೊಡೆಯಲು ಮೇಲೆದ್ದಿತ್ತು. ಕೊಡ ಹಿಡಿದವರೆಲ್ಲ ಕತ್ತು ಚಾಚಿದ್ದರು. ಮನೆಯ ಮಾನ ಹರಾಜಾಗುವುದಕ್ಕೆ ಇನ್ನೊಂದೇ ಕ್ಷಣ ಉಳಿದಿತ್ತು.

"ಅಯ್ಯೋ ನನ್ನಪ್ಪಾ, ಅಮ್ಮ ಬಂದವ್ಳೆ ಕಣೋ," ಎಂದು ಅತ್ತೆ ಎದ್ದರು. "ಏ ಚಿಕ್ಕೋಳೆ, ನಿಂತ್ಕೊಂಡು ಏನ್ ನೋಡ್ತೀಯ, ಕರ್ಪೂರ ತಕ್ಕೊಂಬಾ."

ಮೇಲೆತ್ತಿದ್ದ ಭಾವನ ಕೈ ಗಾಳಿಯಲ್ಲೇ ಇನ್ನೊಂದು ಕೈಯನ್ನು ಹುಡುಕಿಕೊಂಡು ಮುಗಿಯಿತು. ನಾನು ಕರ್ಪೂರದ ತಟ್ಟೆ ತಂದು ಅಕ್ಕನ ಮುಖದ ಮುಂದೆ ಹಿಡಿದೆ. ಅಮ್ಮನ ಬಾಯಿಂದ ಬ್ರಾಂಡಿಯ ವಾಸನೆ ಗಮ್ಮನೆ ಬಂತು. ನಮ್ಮ ಊರಮ್ಮನಿಗೆ ಹೆಂಡದ ಎಡೆ ಇಡುವುದು ತಲೆತಲಾಂತರದಿಂದ ನಡೆದು ಬಂದಿರುವುದರಿಂದ ಆ ವಾಸನೆಯೂ ಅವಳು ಬಂದಿದ್ದಕ್ಕೆ ಪುರಾವೆಯಾಯಿತು. ಬಾಡಿಗೆ ಮನೆಗಳ ಹೆಂಗಸರು ಕೊಡ ಇಳಿಸಿ ಕಾಲಿಗೆ ಬಿದ್ದರು. ಅಕ್ಕನಿಗೆ ಇದೇನು ನಡೆಯುತ್ತಿದೆ ಎಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಅತ್ತೆಯ ಸಮಯಪ್ರಜ್ಞೆಗೆ ಇವತ್ತಿಗೂ ನಾನು ತಲೆದೂಗುತ್ತೇನೆ. ಕುಡಿದ ಸೊಸೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟ, ದೇವರು ಬರುವ ಸೊಸೆಯನ್ನು ಇಟ್ಟುಕೊಳ್ಳುವುದು ಹೆಮ್ಮೆ. ಒಂದು ಚೂರು ಕರ್ಪೂರದಲ್ಲಿ ಅವರು ಒಂದನ್ನು ಇನ್ನೊಂದು ಮಾಡಿಬಿಟ್ಟರು.

ಮುಂದಿನ ಶುಕ್ರವಾರ ಜನ ನಿಂಬೆಹಣ್ಣು ಹಿಡಿದು ಬಂದರು. ಅದರ ಮುಂದಿನ ಶುಕ್ರವಾರ ಇನ್ನಷ್ಟು ಜನ. ನಡುಮನೆಯಲ್ಲಿ ಮಣೆ ಹಾಕಿ ಅಕ್ಕನನ್ನು ಕೂರಿಸುತ್ತಿದ್ದರು. ಹೆಂಗಸರು ಹೇಳಿಕೊಳ್ಳುತ್ತಿದ್ದ ಕಷ್ಟ ಹೆಚ್ಚಾಗಿ ಒಂದೇ. ಕೊಪ್ಪಳ ಕಡೆಯ ಒಬ್ಬಾಕೆ ಅಳುತ್ತಾ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ನನ್ನ ಗಂಡ ಕುಡಿಯೋದು ಬಿಡವಲ್ಲನವ್ವಾ. ಏನರ ಒಂದು ದಾರಿ ತೋರಸವ್ವಾ."

ಮಣೆಯ ಮೇಲೆ ತೂಗಾಡುತ್ತಿದ್ದ ಅಮ್ಮ ನಿಧಾನವಾಗಿ ಹೇಳಿದಳು: "ಕುಡ್ಕೊಂಡು ಬಂದಾಗ ಬೈಬೇಡ ಕಣವ್ವ, ಅವನಿಗೆ ಕೇಳ್ಸಲ್ಲ. ಅನ್ನ ಹಾಕಿ ಮಲಗ್ಸು. ಬೆಳಿಗ್ಗೆ ಎದ್ದಾಗ ಅವನ ಮುಖ ಅವನಿಗೇ ನೋಡ್ಕೊಳ್ಳೋಕಾಗಲ್ಲ. ಆಗ ಎದುರಿಗೆ ಕೂತ್ಕೊಂಡು ಕೇಳು, ಏನಾಗಿದೆ ನಿಂಗೆ ಅಂತ. ಅದೊಂದು ಮಾತು ಯಾರೂ ಕೇಳಿರಲ್ಲ."

ಕುಡುಕರ ಒಳಗು ಅಮ್ಮನಿಗೆ ಎಷ್ಟು ಚೆನ್ನಾಗಿ ಗೊತ್ತು ನೋಡಿ ಎಂದು ಜನ ಬೆರಗಾದರು. ಆಕೆಯ ಗಂಡ ಒಂದಷ್ಟು ಕಾಲ ಬಿಟ್ಟೂ ಬಿಟ್ಟ. ಕಾಯಿ ಒಡೆಸಿಕೊಂಡು ಹೋಗಲು ಗಂಡ ಹೆಂಡತಿ ಇಬ್ಬರೂ ಬಂದರು. ಅವತ್ತು ಅಕ್ಕ ಕಾಯಿ ಮುಟ್ಟಿ ಕೊಡುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದನ್ನೂ ಜನ ಅಮ್ಮನ ಕರುಣೆ ಎಂದುಕೊಂಡರು.

ಅಷ್ಟರಲ್ಲಿ ನಮ್ಮೂರು ಕಾರ್ಪೊರೇಷನ್ನಿಗೆ ಸೇರಿ ವಾರ್ಡಾಯಿತು, ಚುನಾವಣೆಯ ಮಾತು ಬಂತು, ಭಾವನಿಗೆ ಟಿಕೆಟ್ಟಿನ ಆಸೆ ಹತ್ತಿತು. ಶುಕ್ರವಾರದ ಜನರನ್ನು ಅವರು ನೋಡುವ ರೀತಿಯೇ ಬದಲಾಯಿತು. ಬಾಗಿಲಲ್ಲಿ ನಿಂತು "ಬನ್ನಿ ಅಣ್ಣ, ಬನ್ನಿ ಅಕ್ಕ, ವೋಟರ್ ಲಿಸ್ಟಲ್ಲಿ ಹೆಸರು ಸೇರ್ಸಿದ್ದೀರಾ?" ಎಂದು ಕೇಳಿಯೇ ಅಮ್ಮನ ದರ್ಶನಕ್ಕೆ ಬಿಡುತ್ತಿದ್ದರು. ಮಾಲೆ ಹಾಕಿದಾಗಲೂ ಬೀರುವಿಗೆ ಬೀಗ ಹಾಕುವುದನ್ನು ಬಿಟ್ಟರು. ಬಾಟಲಿಗೆ ಟೀ ತುಂಬಿಸಿಡುವ ಕಷ್ಟವೂ ಅಕ್ಕನಿಗೆ ತಪ್ಪಿತು.

ಎಲ್ಲರಿಗೂ ಒಳ್ಳೆಯದಾಗುತ್ತಿತ್ತು, ಅಕ್ಕನೊಬ್ಬಳನ್ನು ಬಿಟ್ಟು. ಒಂದು ದಿನ ಮಹಡಿಯ ಮೇಲೆ ಹಪ್ಪಳ ಒಣಗಿಸುತ್ತಾ ಅವಳೇ ಹೇಳಿದಳು. "ಶುಕ್ರವಾರ ಬಂತು ಅಂದ್ರೆ ಭಯ ಆಗುತ್ತೆ ಕಣೆ. ಕುಡೀದಿದ್ರೆ ಅಮ್ಮ ಬರಲ್ಲ. ಅಮ್ಮ ಬರ್ದಿದ್ರೆ ಇವರು ಬಿಡಲ್ಲ." ನಾನು ಏನೋ ಸಮಾಧಾನ ಹೇಳಿದೆ. ಅವಳ ಕೈ ನಡುಗಿ ಹಪ್ಪಳದ ಅಂಚು ಮುರಿಯುತ್ತಿದ್ದುದನ್ನು ಇಬ್ಬರೂ ನೋಡಿಯೂ ನೋಡದವರಂತೆ ಇದ್ದೆವು.

ಕೊನೆಗೆ ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ರಕ್ತ ವಾಂತಿ ಮಾಡಿದಳು. ಜಾಲಹಳ್ಳಿ ಕಡೆಯ ಒಂದು ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದೆವು. ಅತ್ತೆಯೂ ನಾನೂ ಜೊತೆಗಿದ್ದೆವು. ಡಾಕ್ಟರು ಹೆಂಗಸು. ಕಣ್ಣ ರೆಪ್ಪೆ ಎಳೆದು ನೋಡಿ, ಹೊಟ್ಟೆ ಒತ್ತಿ ನೋಡಿ, "ಕುಡೀತಾರಾ ಇವ್ರು?" ಎಂದು ಕೇಳಿದರು.

"ಸಿವ ಸಿವಾ, ನಮ್ಮನೆ ಹೆಣ್ಮಕ್ಕಳು ಅಂಥೋರಲ್ಲ ಮೇಡಂ," ಎಂದರು ಅತ್ತೆ. "ಇವಳ ಮೈಮ್ಯಾಲೆ ಅಮ್ಮ ಬತ್ತಾಳೆ. ಅದರ ಉಷ್ಣ ತಡೀತಿಲ್ಲ."

"ಕುಡೀತೀನಿ ಮೇಡಂ," ಎಂದಳು ಅಕ್ಕ. "ದಿನಾ ಕುಡೀತೀನಿ."

ಆ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅತ್ತೆ ಗೋಡೆಯ ಕಡೆ ತಿರುಗಿಕೊಂಡರು. ಡಾಕ್ಟರು ಬೈಯಲಿಲ್ಲ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತು, ಲಿವರ್ ಹಾಳಾಗಿದೆ, ಇನ್ನು ಬಾಯಿಗೆ ಹಾಕಿದರೆ ಉಳಿಯುವುದು ಕಷ್ಟ ಎಂದು ಮೂವರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದರು. ಒಂದು ಗುಟುಕು ಎಂದರೂ ಕುಡಿತವೇ ಎಂದರು. ಅಕ್ಕನನ್ನು ಕೆಲವು ದಿನ ಅಲ್ಲೇ ಇರಿಸಿಕೊಂಡರು. ಮೈಯೆಲ್ಲ ನಡುಗಿ, ಬೆವತು, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎಂದು ಚೀರಿ, ಹಾಸಿಗೆಯ ಕಂಬಿ ಹಿಡಿದುಕೊಂಡೇ ಅವಳು ಆ ದಿನಗಳನ್ನು ದಾಟಿದಳು. ನೋಡಿಕೊಂಡಿದ್ದ ನನಗೇ ಜೀವ ಬಾಯಿಗೆ ಬಂದಿತ್ತು. ಗಂಡಸರು ಭಜನೆ ಹೇಳಿಕೊಂಡು ಮಾಡುವ ವ್ರತವನ್ನು ಅವಳು ಗ್ಲೂಕೋಸ್ ಬಾಟಲಿಯ ಕೆಳಗೆ ಒಬ್ಬಳೇ ಮಾಡಿದಳು. ಅವಳನ್ನು ಯಾರೂ "ಸ್ವಾಮಿ" ಎನ್ನಲಿಲ್ಲ.

ಮನೆಗೆ ಬಂದ ಮೇಲೆ ಅಕ್ಕ ಕುಡಿಯಲಿಲ್ಲ. ಶುಕ್ರವಾರ ಬಂತು, ಜನ ಬಂದರು, ಅಮ್ಮ ಬರಲಿಲ್ಲ. ಅಕ್ಕ ಮಣೆಯ ಮೇಲೆ ಕೂತು ಎಲ್ಲರನ್ನೂ ನೋಡಿದಳು, ಎಲ್ಲರೂ ಅವಳನ್ನು ನೋಡಿದರು. "ಅಡುಗೆಗೆ ಹೊತ್ತಾಯ್ತು" ಎಂದು ಎದ್ದು ಒಳಗೆ ಹೋದಳು. ಹೀಗೇ ಕೆಲವು ವಾರ ನಡೆಯಿತು. ಅಮ್ಮ ಯಾಕೆ ಮುನಿದಳು ಎಂದು ಊರೆಲ್ಲ ಚರ್ಚೆಯಾಯಿತು. ಚಿಕ್ಕ ಸೊಸೆ ಮುಟ್ಟಾದಾಗ ದೇವರ ಮನೆಗೆ ಕಾಲಿಟ್ಟಿರಬೇಕು ಎಂದು ಯಾರೋ ಅಂದರು, ಅತ್ತೆ ಅದನ್ನು ನಂಬಿದರು. ಅಥವಾ ನಂಬಿದ ಹಾಗೆ ಮಾಡಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬಳು ಸಾಯದೆ ಉಳಿದಿದ್ದಾಳೆ ಎಂದು ಸಂತೋಷಪಡಬೇಕಾದ ಮನೆಯಲ್ಲಿ ಸೂತಕದ ಕಳೆ ಇತ್ತು.

ಭಾವನ ಚಿಂತೆ ಬೇರೆ. ಟಿಕೆಟ್ಟು ಕೊಡಿಸುವ ಲೀಡರು ಒಂದು ಶುಕ್ರವಾರ ಬಂದು ಅಮ್ಮನ ಆಶೀರ್ವಾದ ಪಡೆಯುವುದಾಗಿ ಒಪ್ಪಿಕೊಂಡಿದ್ದರು. ಅಷ್ಟು ಜನರೆದುರು ಅಮ್ಮ ಭಾವನ ಹಣೆಗೆ ಕುಂಕುಮ ಇಟ್ಟುಬಿಟ್ಟರೆ ಅರ್ಧ ಚುನಾವಣೆ ಮುಗಿದ ಹಾಗೆ ಎಂಬುದು ಅವರ ಲೆಕ್ಕ. ತಾಯಿ ಮಗ ಇಬ್ಬರೂ ಆನೇಕಲ್ ಕಡೆಯ ಒಬ್ಬ ಪೂಜಾರಿಯನ್ನು ಕೇಳಿಕೊಂಡು ಬರಲು ಹೋದರು. ಪೂಜಾರಿ ಕಣ್ಣು ಮುಚ್ಚಿ, "ಎಡೆ ನಿಂತೋಗಿದೆ. ಮೊದ್ಲು ಏನು ಕೊಡ್ತಿದ್ರೋ ಅದನ್ನೇ ಕೊಡಿ, ಬರ್ತಾಳೆ" ಎಂದನಂತೆ. ಅವನು ಮೊಸರನ್ನ ಎಂದುಕೊಂಡು ಹೇಳಿದನೋ, ಪಾಯಸ ಎಂದುಕೊಂಡನೋ. ಕೇಳಿದ ಇಬ್ಬರಿಗೆ ಮಾತ್ರ ಅರ್ಥವಾಗಬೇಕಾದ್ದು ಅರ್ಥವಾಗಿತ್ತು.

ಲೀಡರು ಬಂದ ದಿನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇವರ ಮನೆಯಲ್ಲಿ ನಾನು ಅಕ್ಕನ ತಲೆ ಬಾಚುತ್ತಿದ್ದೆ. ಅತ್ತೆ ಒಳಗೆ ಬಂದು ಬಾಗಿಲು ಮುಂದೆ ಮಾಡಿ, ಸೆರಗಿನ ಕೆಳಗಿಂದ ಸ್ಟೀಲ್ ಲೋಟ ತೆಗೆದರು. ವಾಸನೆ ಮೊದಲು ಬಂತು.

"ಇವತ್ತೊಂದಿನ," ಎಂದರು.

"ಅತ್ತೆ, ಡಾಕ್ಟ್ರು ಹೇಳಿದ್ದು ನೀವೂ ಕೇಳಿಸ್ಕೊಂಡ್ರಲ್ಲ," ಎಂದಳು ಅಕ್ಕ. ಅವಳ ಕಣ್ಣು ಲೋಟದ ಮೇಲೆಯೇ ಇತ್ತು.

"ಇದು ಕೊಲ್ಲೋ ಕೆಲಸ ಅತ್ತೆ," ಎಂದೆ ನಾನು.

"ನೀ ಸುಮ್ಕಿರು ಚಿಕ್ಕೋಳೆ. ನಾನು ಕೊಡ್ತಿರೋದು ಅಮ್ಮಂಗೆ, ಇವಳಿಗಲ್ಲ. ಅಮ್ಮಂಗೇನು ಲಿವರ್ ಐತಾ?" ಹೊರಗಿಂದ ಭಾವ ಬಾಗಿಲು ತಟ್ಟಿ, "ಬೇಗ, ಲೀಡರು ಕಾಯ್ತಾವ್ರೆ" ಎಂದರು. ಒಳಗೆ ಇಣುಕಲಿಲ್ಲ.

ನಾನು ಲೋಟ ಕಿತ್ತುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅಕ್ಕನೇ ಅದನ್ನು ತೆಗೆದುಕೊಂಡಳು. ಎರಡು ಕೈಯಲ್ಲೂ ಹಿಡಿದುಕೊಂಡು, ಬಾಚಿದ ಕೂದಲನ್ನು ಹಾಗೇ ಬಿಟ್ಟುಕೊಂಡು, ನಡುಮನೆಗೆ ನಡೆದು ಮಣೆಯ ಮೇಲೆ ಕೂತಳು. ಮುಗಿಯಿತು, ಇನ್ನು ಇವಳು ನಮಗೆ ದಕ್ಕುವುದಿಲ್ಲ ಎಂದುಕೊಂಡು ನಾನು ಕರ್ಪೂರ ಹಚ್ಚಿದೆ. ಕೈ ಸುಟ್ಟುಕೊಂಡಿದ್ದೂ ಆಮೇಲೆ ಗೊತ್ತಾಯಿತು.

ಅಕ್ಕ ಲೋಟವನ್ನು ತುಟಿಯವರೆಗೆ ತಂದಳು. ನಿಲ್ಲಿಸಿದಳು. ಮೈ ಒಂದು ಸಲ ಕೊಡವಿಕೊಂಡಿತು.

"ಇದನ್ನ ಯಾರೋ ತಂದಿದ್ದು?"

ಭಾವ ಲೀಡರ ಮುಖ ನೋಡಿದರು.

"ಏ, ನಿನ್ನೇ ಕೇಳ್ತಿರೋದು. ಮುಂದಕ್ಕೆ ಬಾರೋ."

ಭಾವ ಕೈಮುಗಿದುಕೊಂಡು ಮುಂದೆ ಬಂದರು. ಅಕ್ಕ ಲೋಟವನ್ನು ಬೋರಲು ಹಾಕಿದಳು. ಬ್ರಾಂಡಿ ನೆಲದ ಮೇಲೆ ಹರಿದು ಲೀಡರ ಬಿಳಿ ಪಂಚೆಯ ಅಂಚನ್ನು ಮುಟ್ಟಿತು. "ಈ ಹೊಸಿಲು ದಾಟಿ ಇನ್ನೊಂದ್ಸಲ ಇದರ ವಾಸನೆ ಒಳಗೆ ಬಂದ್ರೆ ಇವಳನ್ನ ಕರ್ಕೊಂಡು ಹೋಗಿಬಿಡ್ತೀನಿ. ಇವಳ ಮೈ ನಂಗೆ ಸಾಕು. ಇನ್ನು ಬರಲ್ಲ. ಬಾ ಅಂತ ಕರೆದೋರನ್ನೂ ಬಿಡಲ್ಲ. ಕರ್ಪೂರ ಮುಟ್ಟಿ ಆಣೆ ಮಾಡೋ."

ಕರ್ಪೂರ ನನ್ನ ಕೈಯಲ್ಲಿತ್ತು. ನಾನು ತಟ್ಟೆಯನ್ನು ಭಾವನ ಮುಂದೆ ಹಿಡಿದೆ, ಸ್ವಲ್ಪ ಹತ್ತಿರವೇ ಹಿಡಿದೆ. ಅಷ್ಟೂ ವೋಟರುಗಳ ಎದುರು ಅವರು ಜ್ವಾಲೆ ಮುಟ್ಟಿ ಆಣೆ ಮಾಡಿದರು. ಅತ್ತೆ ಕಂಬ ಹಿಡಿದುಕೊಂಡು ಕುಸಿದು ಕೂತು, "ತಪ್ಪಾಯ್ತು ತಾಯಿ" ಎಂದು ಗಲ್ಲ ಗಲ್ಲ ಬಡಿದುಕೊಂಡರು. ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳು. ನಾನು ಹಿಡಿದುಕೊಂಡು ಅವಳ ಬಾಯಿಯ ಹತ್ತಿರ ಮೂಗು ತಂದು ನೋಡಿದೆ. ಮಧ್ಯಾಹ್ನ ತಿಂದ ಮಜ್ಜಿಗೆ ಅನ್ನದ ವಾಸನೆ ಮಾತ್ರ ಇತ್ತು.

ಎಂಥ ಪಾತ್ರ ಕಟ್ಟಿದಳಪ್ಪಾ ಎಂದು ನಾನು ಮನಸ್ಸಿನಲ್ಲೇ ಬೀಗಿದೆ. ಗಂಡ, ಅತ್ತೆ, ಲೀಡರು ಎಲ್ಲರನ್ನೂ ಅವರದೇ ನಾಟಕದಲ್ಲಿ ಕೆಡವಿದ್ದಳು. ಭಾವ ಆಣೆ ಮುರಿಯಲಿಲ್ಲ, ದೇವರ ಭಯಕ್ಕೋ ವೋಟಿನ ಭಯಕ್ಕೋ ನನಗೆ ಗೊತ್ತಿಲ್ಲ. ಬೀರುವಿನ ಬಾಟಲಿಗಳನ್ನು ಮಾರನೆಯ ದಿನವೇ ಚರಂಡಿಗೆ ಸುರಿದರು. ಹೊರಗೆ ಕುಡಿದು ಬಂದ ದಿನ ಒಳಗೆ ಕಾಲಿಡದೆ ಜಗುಲಿಯ ಮೇಲೇ ಮಲಗುತ್ತಿದ್ದರು, ಸೊಳ್ಳೆ ಎಷ್ಟೇ ಕಚ್ಚಿದರೂ. ವಾರ್ಡು ಕೊನೆಗೆ ಮಹಿಳಾ ಮೀಸಲಾಯಿತು. "ನಿಮ್ಮ ಮನೆಯವರನ್ನೇ ನಿಲ್ಸಿ, ಗೆಲ್ತಾರೆ" ಎಂದು ಲೀಡರು ಹೇಳಿ ಕಳಿಸಿದರು. "ಶುಕ್ರವಾರ ಕೂತಿದ್ದೇ ಸಾಕಾಗಿದೆ, ಇನ್ನು ಐದು ವರ್ಷ ಯಾರು ಕೂರ್ತಾರೆ" ಎಂದು ಅಕ್ಕ ಅವರೆಕಾಯಿ ಬಿಡಿಸುತ್ತಾ ಕೂತಳು. ಅವಳು ಮತ್ತೆ ಕುಡಿಯಲಿಲ್ಲ. ಯಾರೂ ಅವಳನ್ನು ಮಣೆಯ ಮೇಲೆ ಕೂರಿಸಲೂ ಇಲ್ಲ.

ಮೆಟ್ರೋ ನಾಗಸಂದ್ರಕ್ಕೆ ಬಂದ ಹೊಸದರಲ್ಲಿ ನಾವಿಬ್ಬರೂ ಒಂದು ಮಧ್ಯಾಹ್ನ ಸುಮ್ಮನೆ ಹತ್ತಿ ಕೂತೆವು. ರೈಲು ಕಾರ್ಖಾನೆಗಳ ಶೀಟಿನ ಮೇಲೆ ಹೋಗುತ್ತಿತ್ತು. ಇಷ್ಟು ವರ್ಷ ಬಾಯಿ ತುದಿಯಲ್ಲೇ ಇದ್ದದ್ದನ್ನು ಅವತ್ತು ಕೇಳಿದೆ.

"ಅಕ್ಕ, ಆ ಲೀಡರು ಬಂದಿದ್ದ ದಿವಸ ಎಷ್ಟು ಚೆನ್ನಾಗಿ ಆಕ್ಟ್ ಮಾಡ್ದೆ. ಮೊದ್ಲೇ ಯೋಚ್ನೆ ಮಾಡ್ಕೊಂಡಿದ್ಯಾ?"

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಕುಡ್ಕೊಂಡು ಕೂತಿರ್ತಿದ್ನಲ್ಲ, ಅಷ್ಟೂ ಶುಕ್ರವಾರ ಮಾತಾಡ್ತಿರೋದು ನಾನೇ ಅಂತ ನಂಗೆ ಗೊತ್ತಿರ್ತಿತ್ತು ಕಣೆ. ಎಷ್ಟೇ ಏರಿದ್ರೂ ಗೊತ್ತಿರ್ತಿತ್ತು. ಕರ್ಪೂರ ಹಿಡ್ಕೊಂಡು ನೀನು ನಗು ತಡ್ಕೊಳ್ತಿದ್ದಿದ್ದೂ ಕಾಣ್ತಿತ್ತು."

"ಮತ್ತೆ ಅವತ್ತು?"

"ಅವತ್ತು ಲೋಟ ತಕ್ಕೊಂಡಿದ್ದೊಂದು ನೆನಪಿದೆ. ಕುಡಿಯೋಣ ಅಂತಾನೇ ತಕ್ಕೊಂಡೆ. ಆಮೇಲೆ ನಾನು ಏನು ಮಾತಾಡ್ದೆ ಅಂತ ನಿಮ್ಮೆಲ್ಲರ ಬಾಯಿಂದ ಕೇಳಿ ತಿಳ್ಕೊಂಡಿದ್ದು."